ಗೆದ್ದದ್ದನ್ನಷ್ಟೇ ಹೇಳಬೇಕೇ?

ಜೂನ್ ತಿಂಗಳು ಬಂತೆಂದರೆ ನಮ್ಮ ಮನೆಯಲ್ಲಿ ಶಾಲೆಯ ಪುಸ್ತಕಗಳಿಗೆ ಬೈಂಡು ಹಾಕುವ ಸಂಭ್ರಮ. ಕಂದು ಕಾಗದ ಕೊಳ್ಳಲು ಕೇಳಿದಾಗಲೆಲ್ಲ ದುಡ್ಡು ಸಿಗುವ ಕಾಲವಲ್ಲ ಅದು. ಆಗ ತಾನೇ ಬ್ಯಾಂಕಿನ ಕೆಲಸಕ್ಕೆ ಸೇರಿದ್ದ ನಮ್ಮಣ್ಣ ತರಿಸುತ್ತಿದ್ದ 'ಸೋವಿಯತ್ ಲ್ಯಾಂಡ್' ಪತ್ರಿಕೆಯ ಹಾಳೆಗಳೇ ನಮ್ಮ ಪುಸ್ತಕಗಳಿಗೆ ಅಂಗಿ. ದಪ್ಪನೆಯ ನುಣುಪು ಹಾಳೆ, ಮೂಗಿಗೆ ಹಿಡಿದರೆ ಅದರದೇ ಒಂದು ವಾಸನೆ. ಗೋಧಿ ತೆನೆಗಳ ನಡುವೆ ನಗುವ ಹೆಂಗಸರು, ಕೊರಳಿಗೆ ಕೆಂಪು ವಸ್ತ್ರ ಕಟ್ಟಿದ ಮಕ್ಕಳು, ಎದೆಯ ಮೇಲೆ ಪದಕ ತೂಗಿಸಿಕೊಂಡ ಆಟಗಾರರು. ೧೯೮೨ರಲ್ಲಿ ನಾನು ಎಂಟನೇ ತರಗತಿ. ಆ ವರ್ಷ ನನ್ನ ಸಮಾಜ ಪಾಠದ ಪುಸ್ತಕದ ಮೇಲೆ ಒಂದು ದೊಡ್ಡ ಕ್ರೀಡಾಂಗಣದ ಚಿತ್ರವಿತ್ತು. ಮಾಸ್ಕೋದ ಲೆನಿನ್ ಕ್ರೀಡಾಂಗಣ, ೧೯೮೦ರ ಒಲಿಂಪಿಕ್ಸ್ ನಡೆದ ಜಾಗ ಎಂದು ಅಣ್ಣ ಹೇಳಿದ್ದ. ಅದು ಹರಿಯದ ಹಾಗೆ ವರ್ಷವಿಡೀ ಜೋಪಾನ ಮಾಡಿದ್ದೆ.

ಅದೇ ವರ್ಷ ಅಕ್ಟೋಬರ್ ೨೦ರ ರಾತ್ರಿ ಅದೇ ಕ್ರೀಡಾಂಗಣದ ಮೆಟ್ಟಿಲುಗಳ ಮೇಲೆ ೬೬ ಮಂದಿ ಸತ್ತರು. ಬಹುಪಾಲು ಹದಿಹರೆಯದವರು. ನನ್ನ ವಾರಿಗೆಯವರು, ನನಗಿಂತ ಎರಡು ಮೂರು ವರ್ಷ ದೊಡ್ಡವರು. ಇದು ನಮ್ಮ ಊರಿನಲ್ಲಿ ಕೂತ ನನಗೆ ತಿಳಿಯಲಿಲ್ಲ ಎಂದರೆ ಆಶ್ಚರ್ಯವೇನೂ ಇಲ್ಲ. ಮಾಸ್ಕೋದ ಜನಕ್ಕೇ ಪೂರ್ತಿ ವಿಷಯವನ್ನು ಏಳು ವರ್ಷ ಹೇಳಲಿಲ್ಲ ಎಂಬುದು ನನ್ನ ತಕರಾರು.

ಈ ತಕರಾರು ಶುರುವಾದದ್ದು ನಮ್ಮ ಮನೆಯಲ್ಲೇ, ಕಳೆದ ದೀಪಾವಳಿಯ ಊಟದ ನಂತರ. ನನ್ನ ಮಗನಿಗೆ ಫುಟ್‌ಬಾಲ್ ಹುಚ್ಚು. ರಾತ್ರಿ ಎರಡು ಗಂಟೆಗೆ ಎದ್ದು ಯುರೋಪಿನ ಪಂದ್ಯ ನೋಡುವ ಪೈಕಿ. ನಿವೃತ್ತನಾಗಿರುವ ಅಣ್ಣ ಎಲೆಯಡಿಕೆ ಮಡಿಸುತ್ತ ಅವನಿಗೆ ಹಳೆಯ ಕಥೆ ಹೇಳಲು ಕೂತ. "ಈಗಿನ ನಿಮ್ಮ ಕೋಟಿ ಕೋಟಿ ಸಂಬಳದ ಆಟಗಾರರನ್ನ ಬಿಡೋ. ಸೋವಿಯತ್ ಕ್ಲಬ್ಬುಗಳು ಯುರೋಪನ್ನೇ ನಡುಗಿಸಿದ್ವು" ಎಂದು ಆರಂಭಿಸಿದ.

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದನ್ನು ಮೊದಲೇ ಒಪ್ಪುತ್ತೇನೆ. ಯುರೋಪಿನ ಚಾಂಪಿಯನ್ ಕ್ಲಬ್ಬುಗಳ ಪಂದ್ಯಾವಳಿ ೧೯೫೫ರಲ್ಲೇ ಶುರುವಾದರೂ ಸೋವಿಯತ್ ಕ್ಲಬ್ಬುಗಳು ಯುರೋಪಿನ ಕಣಕ್ಕೆ ಇಳಿದದ್ದು ೧೯೬೫ರಲ್ಲಿ. ತಡವಾಗಿ ಬಂದವರು ಬೇಗ ಕಲಿತರು. ೧೯೬೭ರಲ್ಲಿ ಡೈನಮೊ ಕೀವ್ ತಂಡ ಆ ವರ್ಷದ ಯುರೋಪಿಯನ್ ಚಾಂಪಿಯನ್ ಆಗಿದ್ದ ಗ್ಲಾಸ್ಗೋದ ಸೆಲ್ಟಿಕ್ ತಂಡವನ್ನು ಹೊರಗಟ್ಟಿತು. ೧೯೭೨ರಲ್ಲಿ ಡೈನಮೊ ಮಾಸ್ಕೋ ಕಪ್ ವಿಜೇತರ ಕಪ್ಪಿನ ಫೈನಲ್ ತಲುಪಿತು. ಸೋವಿಯತ್ ಕ್ಲಬ್ಬೊಂದು ಯುರೋಪಿನ ಫೈನಲ್ ಆಡಿದ್ದು ಅದೇ ಮೊದಲು. ಬಾರ್ಸಿಲೋನಾದಲ್ಲಿ ಗ್ಲಾಸ್ಗೋದ ರೇಂಜರ್ಸ್ ಎದುರು ೩-೨ರಿಂದ ಸೋತಿತು. ೧೯೭೫ರಲ್ಲಿ ಡೈನಮೊ ಕೀವ್ ಅದೇ ಕಪ್ಪನ್ನು ಗೆದ್ದಿತು. ಬಾಸೆಲ್‌ನಲ್ಲಿ ಹಂಗೆರಿಯ ತಂಡಕ್ಕೆ ಮೂರು ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಅದೇ ವರ್ಷ ಸೂಪರ್ ಕಪ್ಪಿನಲ್ಲಿ ಜರ್ಮನಿಯ ಬಯರ್ನ್ ಮ್ಯೂನಿಕ್ ತಂಡವನ್ನು ಅಲ್ಲಿಯೂ ಇಲ್ಲಿಯೂ ಸೋಲಿಸಿದಾಗ ಮೂರಕ್ಕೆ ಮೂರು ಗೋಲೂ ಒಲೆಗ್ ಬ್ಲೋಖಿನ್ ಎಂಬ ಒಬ್ಬನೇ ಆಟಗಾರನವು. ೧೯೮೧ರಲ್ಲಿ ಜಾರ್ಜಿಯಾದ ಡೈನಮೊ ಟಿಬಿಲಿಸಿ ಗೆದ್ದಿತು. ೧೯೮೬ರಲ್ಲಿ ಮತ್ತೆ ಕೀವ್. ನಮ್ಮಣ್ಣ ಇದನ್ನೆಲ್ಲ ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿದ. ಕೇಳುವುದಕ್ಕೂ ಚೆನ್ನಾಗಿತ್ತು.

ನಾನು ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದು, "ಅಣ್ಣಾ, ಸ್ಪಾರ್ಟಕ್ ಮಾಸ್ಕೋದ್ದೂ ಹೇಳು. ೧೯೮೨, ಹಾಲೆಂಡಿನ ಹಾರ್ಲೆಮ್ ಜೊತೆ ಆಡಿದ್ದು" ಎಂದೆ. ಮಗ ಹೇಳಿದ ಮೇಲೆ ಕೆಲವು ತಿಂಗಳಿಂದ ಈ ವಿಷಯ ಹುಡುಕಿ ಓದಿಕೊಂಡಿದ್ದೆ. ಅಣ್ಣನ ಮುಖ ಗಂಟಾಯಿತು. "ಗೆದ್ದದ್ದನ್ನ ಹೇಳ್ತಾ ಇದ್ರೆ ಹೆಣ ತಂದು ಮಧ್ಯ ಇಡ್ತೀಯಲ್ಲ. ಹಬ್ಬದ ದಿನ. ನಿಂಗ್ಯಾಕೆ ಬೇಕು ಆ ಫುಟ್‌ಬಾಲು?" ಎಂದ.

ನನಗ್ಯಾಕೆ ಬೇಕು ಎಂಬುದನ್ನೇ ಹೇಳಲು ಕೂತಿದ್ದೇನೆ. ನಿಮ್ಮಲ್ಲಿ ಹಲವರಿಗೂ ಅದೇ ಪ್ರಶ್ನೆ ಬಂದಿರಬಹುದು. ಆಫ್‌ಸೈಡ್ ಎಂದರೇನೆಂದು ನನಗೆ ಇಂದಿಗೂ ಸರಿಯಾಗಿ ತಿಳಿಯದು. ಆದರೆ ಆಟ ನೋಡಲು ಹೋದ ಮಗು ರಾತ್ರಿ ಮನೆಗೆ ಬರಲಿಲ್ಲ ಎಂದರೆ ಅದು ಯಾವ ಭಾಷೆಯ ತಾಯಿಗಾದರೂ ತಿಳಿಯುವ ವಿಷಯ.

ಅಂದು ಮಾಸ್ಕೋದಲ್ಲಿ ಹಿಮ ಬಿದ್ದಿತ್ತು, ಕೊರೆಯುವ ಚಳಿ. ಯುಇಎಫ್‌ಎ ಕಪ್ಪಿನ ಪಂದ್ಯ. ಹಾರ್ಲೆಮ್ ಒಂದು ಸಣ್ಣ ಊರಿನ ಸಣ್ಣ ಕ್ಲಬ್ಬು, ಯುರೋಪಿನ ಪಂದ್ಯಾವಳಿ ಆಡಿದ್ದು ಅದೊಂದೇ ವರ್ಷ. ಲಕ್ಷದ ಹತ್ತಿರ ಜನ ಹಿಡಿಸುವ ಕ್ರೀಡಾಂಗಣಕ್ಕೆ ಹದಿನಾರು ಸಾವಿರದಷ್ಟು ಜನ ಬಂದಿದ್ದರು. ಕೆಲವೇ ಸ್ಟ್ಯಾಂಡುಗಳನ್ನು ತೆರೆದು ಎಲ್ಲರನ್ನೂ ಅಲ್ಲಿಯೇ ಕೂರಿಸಿದರು. ಪಂದ್ಯ ಮುಗಿಯುತ್ತ ಬಂದಾಗ, ಮನೆ ಸೇರುವ ಆತುರದಲ್ಲಿ, ಪೂರ್ವದ ಸ್ಟ್ಯಾಂಡಿನ ಹುಡುಗರು ಹುಡುಗಿಯರು ಒಂದೇ ಮೆಟ್ಟಿಲ ಸಾಲಿಗೆ ನುಗ್ಗಿದರು. ಮೆಟ್ಟಿಲ ಮೇಲೆ ಹಿಮ ಕಾಲಡಿ ಸಿಕ್ಕಿ ಗಾಜಿನಂತಾಗಿತ್ತು. ಮುಂದೆ ಯಾರೋ ಬಿದ್ದರು. ಹಿಂದಿನವರಿಗೆ ಅದು ಕಾಣಲಿಲ್ಲ. ಬಿದ್ದವರ ಮೇಲೆ ಬಿದ್ದರು, ಅವರ ಮೇಲೆ ಮತ್ತೆ ಬಿದ್ದರು. ಆ ಹೊತ್ತಿಗೇ ಕೊನೆಯ ಗಳಿಗೆಯಲ್ಲಿ ಸ್ಪಾರ್ಟಕ್ ಎರಡನೇ ಗೋಲು ಹೊಡೆಯಿತು. ಸ್ಪಾರ್ಟಕ್ ೨, ಹಾರ್ಲೆಮ್ ೦. ಉಸಿರುಗಟ್ಟಿ ಸತ್ತವರು ೬೬.

ಮರುದಿನ ಮಾಸ್ಕೋದ ಒಂದು ಸಂಜೆ ಪತ್ರಿಕೆಯಲ್ಲಿ ಕೆಲವೇ ಸಾಲಿನ ಸುದ್ದಿ ಬಂತು. ಪ್ರೇಕ್ಷಕರು ಹೊರಹೋಗುವಾಗ ಜನಸಂಚಾರದ ಕ್ರಮ ಮೀರಿದ್ದರಿಂದ ಒಂದು ಅಪಘಾತ ಸಂಭವಿಸಿದೆ, ಗಾಯಗೊಂಡವರಿದ್ದಾರೆ, ತನಿಖೆ ನಡೆದಿದೆ ಎಂಬುದು ಅದರ ಸಾರಾಂಶ. ಸತ್ತವರಿದ್ದಾರೆ ಎಂಬ ಒಂದು ಮಾತಿಲ್ಲ. ಎಷ್ಟು ಜನ ಎಂಬ ಲೆಕ್ಕವಿಲ್ಲ. ಹೆಸರಂತೂ ದೂರ ಉಳಿಯಿತು. ಆದರೆ ತಪ್ಪು ಯಾರದು ಎಂಬುದು ಮಾತ್ರ ಇದೆ ನೋಡಿ: ಕ್ರಮ ಮೀರಿದವರದು, ಅಂದರೆ ಬಿದ್ದವರದೇ.

ಮುಂದಿನ ವರ್ಷ ವಿಚಾರಣೆಯೇನೋ ನಡೆಯಿತು. ಕ್ರೀಡಾಂಗಣದ ಉಸ್ತುವಾರಿಯಲ್ಲಿದ್ದ ಒಬ್ಬ ಅಧಿಕಾರಿಗೆ ಒಂದೂವರೆ ವರ್ಷದ ದುಡಿಮೆಯ ಶಿಕ್ಷೆಯಾಯಿತು. ಊರಿಗೆ ಅದರ ಸುದ್ದಿ ಇಲ್ಲ. ಸ್ಪಾರ್ಟಕ್ ಮುಂದಿನ ಸುತ್ತಿಗೆ ಹೋಯಿತು, ಅದರ ಸುದ್ದಿ ಬಂತು. ಮಗನನ್ನೋ ಮಗಳನ್ನೋ ಮಣ್ಣು ಮಾಡಿ ಬಂದ ಹೆಂಗಸು ಅಂಗಡಿಯ ಸಾಲಿನಲ್ಲಿ ನಿಂತು ಪಕ್ಕದವಳಿಗೆ ಏನೆಂದು ಹೇಳಬೇಕು? ಪತ್ರಿಕೆಯಲ್ಲಿ ಬಾರದ ಸಾವನ್ನು ಅವಳು ತಾನೇ ಹುಟ್ಟಿಸಿಕೊಂಡು ಹೇಳುತ್ತಿದ್ದಾಳೆ ಎಂದರೆ?

೧೯೮೯ರ ಜುಲೈಯಲ್ಲಿ, ಗೋರ್ಬಚೆವ್ ಕಾಲದ ಗಾಳಿ ಬೀಸಿದ ಮೇಲೆ, 'ಸೋವಿಯತ್‌ಸ್ಕಿ ಸ್ಪೋರ್ಟ್' ಪತ್ರಿಕೆ ಇದನ್ನು ಬಯಲಿಗೆ ತಂದಿತು. ಸತ್ತವರು ಸುಮಾರು ೩೪೦ ಎಂದು ಬರೆಯಿತು. ಆಗ ಸರ್ಕಾರದ ಕಡೆಯವರು ಬಾಯಿಬಿಟ್ಟು, ಅಷ್ಟಿಲ್ಲ, ೬೬ ಎಂದರು. ಅಣ್ಣ ಇದನ್ನೇ ಹಿಡಿದುಕೊಂಡ. "ನೋಡಿದೆಯಾ, ಪತ್ರಿಕೆಯವರು ಐದು ಪಟ್ಟು ಹೆಚ್ಚಿಸಿ ಬರೆದ್ರು" ಎಂದ. ಸರಿ, ಹೆಚ್ಚಿಸಿ ಬರೆದರು. ಲೆಕ್ಕವನ್ನು ಏಳು ವರ್ಷ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದು ಯಾರು? ಹೇಳಬೇಕಾದವರು ಬಾಯಿ ಮುಚ್ಚಿಕೊಂಡರೆ ಊರಿನ ಬಾಯಿ ಲೆಕ್ಕ ಹೇಳುತ್ತದೆ. ನಮ್ಮ ಬೀದಿಗಳಲ್ಲಿಯೂ ಗಾಳಿಸುದ್ದಿ ಹುಟ್ಟುವುದು ಹೀಗೆಯೇ.

ಅಣ್ಣನ ಎರಡನೆಯ ವಾದ ಗಟ್ಟಿಯಾದದ್ದು. "ಅಪಘಾತ ಎಲ್ಲಿ ಆಗಲ್ಲ? ಇಂಗ್ಲಿಷರ ಸ್ಟೇಡಿಯಮ್ಮಿನಲ್ಲಿ ಆಗಲಿಲ್ವೆ?" ಆಯಿತು, ಖಂಡಿತ ಆಯಿತು. ಅದನ್ನು ಓದಿದಾಗ ನನಗೆ ಮೈ ಜುಮ್ಮೆಂದಿತು. ೧೯೭೧ರ ಜನವರಿ ೨ರಂದು ಗ್ಲಾಸ್ಗೋದ ಐಬ್ರಾಕ್ಸ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದು ಜನ ಇಳಿಯುವಾಗ ಇಂಥದೇ ನೂಕುನುಗ್ಗಲು. ಅಲ್ಲಿಯೂ ಮೆಟ್ಟಿಲು. ಅಲ್ಲಿಯೂ ಕೊನೆಯ ಗಳಿಗೆಯ ಗೋಲು. ಅಲ್ಲಿಯೂ ಸತ್ತವರು ೬೬, ಅವರಲ್ಲಿಯೂ ಎಳೆಯರೇ ಹೆಚ್ಚು. ಇದು ಯಾರ ಕ್ರೀಡಾಂಗಣ ಗೊತ್ತೇ? ಮರುವರ್ಷ ಬಾರ್ಸಿಲೋನಾದಲ್ಲಿ ಡೈನಮೊ ಮಾಸ್ಕೋವನ್ನು ಸೋಲಿಸಿದ ರೇಂಜರ್ಸ್ ಕ್ಲಬ್ಬಿನದು.

ಈಗ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡೋಣ. ಹೊರಟಿದ್ದವರು ಗೋಲಿನ ಕೂಗು ಕೇಳಿ ಹಿಂದಕ್ಕೆ ತಿರುಗಿದ್ದರಿಂದ ಹೀಗಾಯಿತು ಎಂಬ ಕಥೆ ಎರಡೂ ಕಡೆ ಹುಟ್ಟಿತು. ಮಾಸ್ಕೋದಲ್ಲಿ ಅದು ಬಹುಕಾಲ ಬಾಯಿಂದ ಬಾಯಿಗೆ ಓಡಾಡಿತು, ಅಲ್ಲಿದ್ದು ಬದುಕಿ ಬಂದ ಕೆಲವರು ಅದನ್ನು ಒಪ್ಪುವುದಿಲ್ಲ. ಗ್ಲಾಸ್ಗೋದಲ್ಲಿ ಸತ್ತವರ ಹೆಸರು ಪತ್ರಿಕೆಗಳಲ್ಲಿ ಅಚ್ಚಾಯಿತು, ಬಹಿರಂಗ ವಿಚಾರಣೆಯಾಯಿತು, ಜನ ಹಿಂದಕ್ಕೆ ತಿರುಗಿದರೆಂಬ ಕಥೆಯನ್ನು ಆ ವಿಚಾರಣೆ ತಳ್ಳಿಹಾಕಿತು. ಎಲ್ಲರೂ ಒಂದೇ ದಿಕ್ಕಿಗೆ ಇಳಿಯುತ್ತಿದ್ದರು, ಇಳಿಯುವ ದಾರಿ ಆ ಒತ್ತಡವನ್ನು ತಡೆಯುವಂಥದಲ್ಲ. ಅದೇ ಮೆಟ್ಟಿಲಲ್ಲಿ ೧೯೬೧ರಲ್ಲೇ ಇಬ್ಬರು ಸತ್ತಿದ್ದರೆಂಬುದೂ ಜನರ ಮುಂದೆ ಬಂತು. ೧೯೭೫ರಲ್ಲಿ ಬ್ರಿಟನ್ನಿನಲ್ಲಿ ಕ್ರೀಡಾಂಗಣಗಳ ಸುರಕ್ಷತೆಗೆ ಒಂದು ಕಾನೂನೇ ಆಯಿತು. ಅಲ್ಲಿನ ೬೬ ಸಾವಿನಿಂದ ಒಂದು ಕಾನೂನು ಬಂತು, ಇಲ್ಲಿನ ೬೬ ಸಾವಿನಿಂದ ಕೆಲವು ಸಾಲಿನ ಸುದ್ದಿ.

ಹಾಗೆಂದು ಪಶ್ಚಿಮದವರೆಲ್ಲ ಸತ್ಯಹರಿಶ್ಚಂದ್ರರು ಎಂದು ನಾನು ಹೇಳಿದರೆ ನೀವು ನಗಬೇಕು. ೧೯೮೯ರ ಏಪ್ರಿಲ್‌ನಲ್ಲಿ, ಮಾಸ್ಕೋದ ಸತ್ಯ ಹೊರಬರುವ ಮೂರು ತಿಂಗಳ ಮೊದಲು, ಇಂಗ್ಲೆಂಡಿನ ಶೆಫೀಲ್ಡಿನ ಹಿಲ್ಸ್‌ಬರೊ ಕ್ರೀಡಾಂಗಣದಲ್ಲಿ ಲಿವರ್‌ಪೂಲ್ ತಂಡದ ಅಭಿಮಾನಿಗಳು ಕಂಬಿಗಳ ನಡುವೆ ಸಿಕ್ಕಿ ನಲುಗಿದರು. ಆ ಗಾಯಗಳಿಂದ ಸತ್ತವರ ಲೆಕ್ಕ ಈಗ ೯೭. ಅಲ್ಲಿನ ಪೊಲೀಸರು ತಪ್ಪನ್ನು ಸತ್ತವರ ತಲೆಗೇ ಕಟ್ಟಿದರು, ಕುಡಿದು ಬಂದು ನುಗ್ಗಿದರು ಎಂದರು. ಇದು ಸುಳ್ಳು ಎಂದು ಸಾಧಿಸಲು ತಾಯಂದಿರಿಗೆ, ಅಪ್ಪಂದಿರಿಗೆ, ಒಡಹುಟ್ಟಿದವರಿಗೆ ೨೭ ವರ್ಷ ಹಿಡಿಯಿತು. ೨೦೧೬ರಲ್ಲಿ ಮಾತ್ರ ನ್ಯಾಯಮಂಡಳಿಯ ಪಂಚರು ಇದು ಕಾನೂನುಬಾಹಿರ ಕೊಲೆ, ಅಭಿಮಾನಿಗಳದು ತಪ್ಪಿಲ್ಲ ಎಂದು ತೀರ್ಪಿತ್ತರು. ಸುಳ್ಳು ಹೇಳುವುದರಲ್ಲಿ ಪೂರ್ವ ಪಶ್ಚಿಮ ಎಂಬ ಭೇದವಿಲ್ಲ. ಆದರೆ ಲಿವರ್‌ಪೂಲಿನ ತಾಯಿಗೆ ಬೀದಿಗೆ ಬಂದು ಅರಚುವುದಕ್ಕೆ ಜಾಗವಿತ್ತು. ಮಾಸ್ಕೋದ ತಾಯಿಗೆ ಅದೂ ಇರಲಿಲ್ಲ. ನನ್ನ ಜಗಳ ಆ ಜಾಗದ ಬಗ್ಗೆ.

ಅಣ್ಣ ಹೆಮ್ಮೆಯಿಂದ ಹೇಳಿದ ೧೯೮೬ರ ಗೆಲುವಿನ ತಾರೀಖನ್ನೂ ಸ್ವಲ್ಪ ನೋಡಿ. ಡೈನಮೊ ಕೀವ್ ಫ್ರಾನ್ಸಿನ ಲಿಯಾನ್ ನಗರದಲ್ಲಿ ಸ್ಪೇನಿನ ಅಟ್ಲೆಟಿಕೊ ಮ್ಯಾಡ್ರಿಡ್ ತಂಡವನ್ನು ೩-೦ ಇಂದ ಸೋಲಿಸಿದ್ದು ಮೇ ೨ರಂದು. ಕೀವ್ ನಗರದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿರುವ ಚೆರ್ನೋಬಿಲ್‌ನ ಅಣುಸ್ಥಾವರ ಸಿಡಿದದ್ದು ಏಪ್ರಿಲ್ ೨೬ರಂದು. ಸರ್ಕಾರದ ಸುದ್ದಿಸಂಸ್ಥೆ ಎರಡು ದಿನ ಕಳೆದ ಮೇಲೆ ಚುಟುಕಾಗಿ ಒಂದು ಪ್ರಕಟಣೆ ಹೊರಡಿಸಿತು. ಮೇ ೧ರಂದು ಕೀವ್‌ನ ದೊಡ್ಡ ಬೀದಿಯಲ್ಲಿ ಮೆರವಣಿಗೆ ನಡೆಯಿತು. ಅದರಲ್ಲಿ ಶಾಲೆಯ ಮಕ್ಕಳೂ ಇದ್ದರು. ಮರುದಿನ ಕಪ್ಪು ಗೆದ್ದ ಸಂಭ್ರಮ. ಆ ಆಟಗಾರರನ್ನು ನಾನು ದೂರುವುದಿಲ್ಲ. ಅವರ ಹೆಂಡಿರು ಮಕ್ಕಳೂ ಅದೇ ಊರಿನವರು. ಆದರೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಕೈಯಲ್ಲಿ ಹೂವು ಕೊಟ್ಟು ಬೀದಿಗೆ ಕಳಿಸಿದ ಶಿಕ್ಷಕಿಯರು ಇದ್ದರಲ್ಲ, ಅವರ ಬಗ್ಗೆ ನನಗೆ ಯೋಚನೆ. ಗಾಳಿಯಲ್ಲಿ ಏನಿದೆ ಎಂದು ಅವರಿಗೆ ಯಾರೂ ಹೇಳಲಿಲ್ಲ. ತಿಂಗಳ ನಡುವೆ ಕೀವ್‌ನ ಮಕ್ಕಳನ್ನು ಊರು ಬಿಡಿಸಿ ದೂರ ಕಳಿಸುವಾಗ ಆ ಶಿಕ್ಷಕಿಯರಿಗೆ ಹೇಗಾಗಿರಬೇಕು?

ಶಿಕ್ಷಕಿಯರ ಮಾತು ಬಂದ ಮೇಲೆ ನನ್ನದನ್ನೂ ಹೇಳಿಬಿಡುತ್ತೇನೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸರದಿ ನನ್ನದು.

ಹಲವು ವರ್ಷಗಳ ಹಿಂದೆ, ನಾನು ಆಗ ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ವಾರ್ಷಿಕೋತ್ಸವ. ನಮ್ಮದು ಮಹಡಿಯ ಕಟ್ಟಡ, ಇಳಿಯಲು ಎರಡು ಕಡೆ ಮೆಟ್ಟಿಲು. ಒಂದು ಮೆಟ್ಟಿಲು ಇಳಿದರೆ ಅತಿಥಿಗಳಿಗೆ ಹಾಕಿದ್ದ ಶಾಮಿಯಾನದ ಎದುರಿಗೇ ಬರುತ್ತದೆ. ಮಕ್ಕಳು ಅಡ್ಡಡ್ಡ ಓಡಾಡಿದರೆ ಚೆನ್ನಾಗಿರುವುದಿಲ್ಲವೆಂದು ಅದರ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿಸಿದ್ದರು. ಮುಖ್ಯ ಅತಿಥಿಗಳ ಕಾರು ಬಂತು, ಎಲ್ಲರೂ ಇಳಿಯಿರಿ ಎಂದು ಮೈಕಿನಲ್ಲಿ ಕೂಗಿದರು. ಮುನ್ನೂರು ಮಕ್ಕಳು ಒಂದೇ ಮೆಟ್ಟಿಲಿಗೆ ಬಂದರು. ಎಂಟನೇ ತರಗತಿಯ ಹುಡುಗಿಯೊಬ್ಬಳು ಕೆಳಗೆ ಸಿಕ್ಕಿ ಅವಳ ತೋಳು ಮುರಿಯಿತು. ಇನ್ನೂ ಮೂವರಿಗೆ ಪೆಟ್ಟಾಯಿತು. ದೇವರು ದೊಡ್ಡವನು, ಪ್ರಾಣಕ್ಕೇನೂ ಆಗಲಿಲ್ಲ. ಹುಡುಗಿಯನ್ನು ಆಟೋದಲ್ಲಿ ಆಸ್ಪತ್ರೆಗೆ ಕಳಿಸಿ ಒಳಗೆ ಪ್ರಾರ್ಥನಾಗೀತೆ ಹಾಡಿಸಿದೆವು.

ಮಾರನೆಯ ದಿನ ವರದಿ ಬರೆಯಬೇಕಾಗಿತ್ತು. "ಮೇಡಂ, ನಿಮ್ಮ ಕನ್ನಡ ಚೆನ್ನಾಗಿದೆ, ನೀವೇ ಬರೆದುಬಿಡಿ" ಎಂದರು ಮುಖ್ಯೋಪಾಧ್ಯಾಯರು. ನಾನು ಬರೆದೆ. 'ವಿದ್ಯಾರ್ಥಿಗಳು ಶಿಸ್ತು ಮೀರಿ ಓಡಿದ್ದರಿಂದ ಓರ್ವ ವಿದ್ಯಾರ್ಥಿನಿ ಜಾರಿ ಬಿದ್ದು ಗಾಯಗೊಂಡಿರುತ್ತಾಳೆ.' ಬೀಗದ ಮಾತು ಬರೆಯಲಿಲ್ಲ. ಯಾರೂ ಬರೆಯಬೇಡಿ ಎಂದು ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಹೂ ಮಾರುತ್ತಿದ್ದ ಆ ಹುಡುಗಿಯ ತಾಯಿ ಬಂದು, "ನನ್ ಮಗ್ಳು ಅಂಥ ತುಂಟಿ ಅಲ್ಲ ಟೀಚರ್. ಯಾಕವ್ವ ಓಡಿದೆ ಅಂತ ಎರಡೇಟು ಹಾಕ್ದೆ" ಎಂದಳು. ಮುರಿದ ಕೈಯ ಮಗುವಿಗೆ ಎರಡೇಟು ಹೆಚ್ಚಿಗೆ ಬಿದ್ದದ್ದು ನನ್ನ ಚೆಂದದ ಕನ್ನಡದ ದೆಸೆಯಿಂದ. ನಾನು ಆಗಲೂ ತಲೆ ಅಲ್ಲಾಡಿಸಿ ಸುಮ್ಮನಿದ್ದೆ.

ಮಾಸ್ಕೋದ ಆ ಸಂಜೆ ಪತ್ರಿಕೆಯ ಸುದ್ದಿಯ ಸಾರವನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟೆ. ಜನಸಂಚಾರದ ಕ್ರಮ ಮೀರಿದ್ದರಿಂದ ಎಂಬ ಮಾತು ನನ್ನದೇ ಮಾತು. ಅದನ್ನು ಬರೆದವನೂ ನನ್ನ ಹಾಗೆ ಸಂಬಳಕ್ಕೆ ದುಡಿಯುವ, ಮನೆಯಲ್ಲಿ ಮಕ್ಕಳಿರುವ ಮನುಷ್ಯನೇ ಆಗಿರಬೇಕು. ಇಂಥ ವಾಕ್ಯ ಬರೆಯಲು ರಾಕ್ಷಸರೇ ಬೇಕಾಗಿಲ್ಲ, ನಾವೇ ಸಾಕು.

ನಮ್ಮ ಕಾಲ ಬದಲಾಗಿದೆ ಎನ್ನುತ್ತೀರಾ? ೨೦೨೫ರ ಜೂನ್ ೪ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ ೧೧ ಮಂದಿ ಸತ್ತರು. ಹದಿನೆಂಟು ವರ್ಷಕ್ಕೆ ಬಂದ ಕ್ರಿಕೆಟ್ ಕಪ್ಪನ್ನು ನೋಡಲು ಹೋದವರು, ಹೆಚ್ಚಿನವರು ಎಳೆಯರು. ಹೊರಗೆ ಹಾಗಾಗುತ್ತಿದ್ದಾಗ ಒಳಗೆ ಸಂಭ್ರಮ ನಡೆದಿತ್ತು. ಅಂದು ಸಂಜೆಯೇ ಟಿವಿಯಲ್ಲಿ ಎಲ್ಲ ಬಂತು, ಹೆಸರು ಬಂತು, ಫೋಟೋ ಬಂತು, ಜನ ಅಧಿಕಾರಿಗಳನ್ನೂ ಮಂತ್ರಿಗಳನ್ನೂ ಹೆಸರಿಡಿದು ಪ್ರಶ್ನೆ ಕೇಳಿದರು. ಅಷ್ಟರ ಮಟ್ಟಿಗೆ ನಾವು ಮಾಸ್ಕೋ ಅಲ್ಲ, ನಿಜ. ಆದರೆ ಮರುದಿನ ನಮ್ಮ ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತ ಕೇಳಿದ ಮೊದಲ ಮಾತು ಏನು ಗೊತ್ತೇ? "ಅಲ್ಲಿಗೆ ಹೋಗು ಅಂದವರು ಯಾರು? ಮನೆಯಲ್ಲಿ ಕೂತು ನೋಡಬಹುದಾಗಿತ್ತಲ್ಲ?" ಹೇಳಿದವರು ಹೆಂಗಸರು, ಮಕ್ಕಳೊಂದಿಗರು. ಬಿದ್ದವರದೇ ತಪ್ಪು ಎನ್ನುವ ಆ ಸಂಜೆ ಪತ್ರಿಕೆ ನಮ್ಮ ನಾಲಗೆಯ ಮೇಲೇ ಅಚ್ಚಾಗುತ್ತದೆ.

ಯಾಕೆ ಹೀಗೆ? ಮುಚ್ಚಿಡುವುದನ್ನು ನಮಗೆ ಚಿಕ್ಕಂದಿನಿಂದ ಗುಣವೆಂದು ಕಲಿಸಿದ್ದಾರೆ. ಮನೆಯ ಮಾತು ಹೊಸಿಲು ದಾಟಬಾರದು, ನಾಲ್ಕು ಜನ ಏನಂದಾರು, ಆದದ್ದು ಆಯಿತು. ಅತ್ತೆಮನೆಯ ಪೆಟ್ಟಿನಿಂದ ಹಿಡಿದು ಶಾಲೆಯ ಬೀಗದವರೆಗೆ ಎಲ್ಲವನ್ನೂ ಈ ಸೆರಗಿನ ಅಡಿಯಲ್ಲಿ ಮುಚ್ಚಿಡುತ್ತ ಬಂದಿದ್ದೇವೆ. ಮರ್ಯಾದೆ ಉಳಿಸುವವರು ಎಂಬ ಬಿರುದು ನಮಗೆ, ಉಳಿಯುವುದು ಇನ್ನೊಬ್ಬರ ಮರ್ಯಾದೆ. ಕುಟುಂಬಕ್ಕೆ ಒಳ್ಳೆಯ ಹೆಸರು, ಶಾಲೆಗೆ ಒಳ್ಳೆಯ ಹೆಸರು, ದೇಶಕ್ಕೆ ಒಳ್ಳೆಯ ಹೆಸರು. ಮೆಟ್ಟಿಲ ಕೆಳಗೆ ಸಿಕ್ಕಿದ ಮಗುವಿಗೆ ಮಾತ್ರ ಹೆಸರೇ ಇಲ್ಲ.

ಸೋವಿಯತ್ ಒಕ್ಕೂಟ ೧೯೯೧ರ ಕೊನೆಯಲ್ಲಿ ಹೋಯಿತು. ಕೀವ್, ಟಿಬಿಲಿಸಿ, ಮಾಸ್ಕೋ ಮೂರೂ ಬೇರೆ ಬೇರೆ ದೇಶಗಳ ರಾಜಧಾನಿಗಳಾದವು. ಹಾರ್ಲೆಮಿನ ಆ ಸಣ್ಣ ಕ್ಲಬ್ಬು ೨೦೧೦ರಲ್ಲಿ ದಿವಾಳಿಯೆದ್ದು ಮುಚ್ಚಿತು. ಮುಚ್ಚುವ ಮೊದಲು, ೨೦೦೭ರ ಅಕ್ಟೋಬರ್ ೨೦ರಂದು, ಎರಡೂ ತಂಡಗಳ ಹಳೆಯ ಆಟಗಾರರು ಅದೇ ಕ್ರೀಡಾಂಗಣದಲ್ಲಿ ಸತ್ತವರ ನೆನಪಿಗೆ ಒಂದು ಪಂದ್ಯ ಆಡಿದರು. ಅಲ್ಲಿ ೧೯೯೨ರಲ್ಲೇ ಒಂದು ಸ್ಮಾರಕವನ್ನೂ ನಿಲ್ಲಿಸಿದ್ದರು. ಹತ್ತು ವರ್ಷ ತಡವಾಗಿಯಾದರೂ ತಾಯಂದಿರಿಗೆ ಹೂ ಇಡಲು ಒಂದು ಕಲ್ಲಾಯಿತು.

ಅಣ್ಣನಿಗೆ ನಾನು ಹೇಳಿದ್ದು ಇಷ್ಟೇ. ಬ್ಲೋಖಿನ್‌ನ ಮೂರು ಗೋಲನ್ನು ಹುಡುಗರಿಗೆ ಹೇಳು, ಬೇಡವೆನ್ನುವುದಿಲ್ಲ. ಟಿಬಿಲಿಸಿಯ ಗೆಲುವನ್ನೂ ಹೇಳು. ಆದರೆ ೧೯೮೧ ಹೇಳಿ ೧೯೮೬ಕ್ಕೆ ಹಾರಬೇಡ, ನಡುವೆ ೧೯೮೨ ಇದೆ. ಅಣ್ಣ ಉತ್ತರ ಕೊಡಲಿಲ್ಲ. ಹೊರಡುವಾಗ ಮಾತ್ರ, "ನನಗೂ ಆಗ ಗೊತ್ತಿರಲಿಲ್ಲ ಕಣೆ" ಎಂದ. ಗೊತ್ತಿರಲಿಲ್ಲ ಎಂಬುದು ತಪ್ಪಲ್ಲ ಅಣ್ಣಾ, ಗೊತ್ತಾದ ಮೇಲೆ ಸುಮ್ಮನಿರುವುದು ತಪ್ಪು.

ಆ ಮಾತು ನನಗೂ ಅನ್ವಯಿಸುತ್ತದೆ. ಹಬ್ಬ ಕಳೆದ ಮೇಲೆ ನಾನು ಆ ಹೂವಿನವಳ ಮನೆ ಹುಡುಕಿಕೊಂಡು ಹೋದೆ. ಆ ಹುಡುಗಿಗೆ ಈಗ ಮದುವೆಯಾಗಿ ಮಗುವಿದೆ, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಬೀಗದ ವಿಷಯವನ್ನು, ವರದಿಯ ವಿಷಯವನ್ನು ತಾಯಿ ಮಗಳಿಬ್ಬರ ಎದುರಿಗೂ ಹೇಳಿದೆ. ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಮಗಳ ಕಡೆ ತಿರುಗಿ, "ನಿನ್ನ ಸುಮ್ಸುಮ್ನೆ ಹೊಡ್ದೆ ಕಣವ್ವ" ಎಂದಳು.

ನನ್ನನ್ನು ಬೈಯಲಿಲ್ಲ. ಬೈಯಬೇಕಾಗಿತ್ತು.